ಗೊಬ್ಬರ ಬಿದ್ದಿದೆ, ತೋಟ ಏಳುತ್ತಿಲ್ಲ: ಮಲೆನಾಡಿನ ಕೆಮ್ಮಣ್ಣಿನ ದೋಷ ಹುಡುಕುವ ಕ್ರಮ

ಸಕಲೇಶಪುರ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ, ಸಿದ್ದಾಪುರ, ಮಡಿಕೇರಿ, ಎಲ್ಲಿಯ ಬೆಳೆಗಾರರಾದರೂ ಹೇಳುವ ದೂರು ಹೆಚ್ಚುಕಡಿಮೆ ಒಂದೇ. ಶಿಫಾರಸಿನಷ್ಟು ಗೊಬ್ಬರ ಹಾಕಿಯಾಗಿದೆ, ಮಳೆಗೆ ಬರವಿಲ್ಲ. ಆದರೂ ಕಾಫಿ ಗಿಡದ ಹಳೆ ಎಲೆ ಹಳದಿಯಾಗಿ ಉದುರುತ್ತದೆ, ರೆಕ್ಕೆಗಳು (ಪಕ್ಕದ ರೆಂಬೆಗಳು) ತುದಿಯಿಂದ ಒಣಗುತ್ತವೆ, ಅಡಿಕೆಯ ಹಿಂಗಾರ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ, ಮೆಣಸಿನ ಬಳ್ಳಿ ಫೆಬ್ರವರಿ ದಾಟುವುದರೊಳಗೆ ಜೋಲುತ್ತದೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಮದ್ದು ಇನ್ನೊಂದು ಮೂಟೆ ಗೊಬ್ಬರ.

ಮಲೆನಾಡಿನ ಮಣ್ಣಿನ ವರದಿಗಳನ್ನು ಓದಿ ನನಗೆ ಮನವರಿಕೆಯಾಗಿರುವುದು ಬೇರೆಯೇ. ಇಲ್ಲಿನ ಕೊರತೆ ಬಹುಪಾಲು ಗೊಬ್ಬರದ್ದಲ್ಲ. ಹಾಕಿದ್ದನ್ನು ಹಿಡಿದಿಟ್ಟುಕೊಂಡು ಬೇಕಾದಾಗ ಬೇರಿಗೆ ಬಿಟ್ಟುಕೊಡುವ ತಾಕತ್ತು ಮಣ್ಣಿನಲ್ಲಿ ಉಳಿದಿಲ್ಲ. ಆ ತಾಕತ್ತು ಮಣ್ಣಿನೊಳಗೆ ಈಗ ಯಾವ ಖನಿಜ ಇದೆ ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ದೋಷ ಹುಡುಕುವಾಗ ಗೊಬ್ಬರದ ಪಟ್ಟಿಯಿಂದ ಶುರುಮಾಡಬೇಡಿ, ಖನಿಜದಿಂದ ಶುರುಮಾಡಿ. ಬಯಲುಸೀಮೆಯ ಕಪ್ಪು ಮಣ್ಣಿಗಾಗಿ ಬರೆದ ಲೆಕ್ಕಾಚಾರವನ್ನು ಘಟ್ಟದ ಇಳಿಜಾರಿಗೆ ತಂದು ಕೂರಿಸಿದರೆ ತಪ್ಪೇ ಬರುತ್ತದೆ.

ಮೊದಲು ಮಣ್ಣಿನದಲ್ಲದ್ದನ್ನು ಬದಿಗಿಡಿ

ಅಡಿಕೆ ಹಳದಿಯಾದ ಮಾತ್ರಕ್ಕೆ ಮಣ್ಣನ್ನು ದೂರಬಾರದು. ಶೃಂಗೇರಿ, ಕೊಪ್ಪ, ಸಂಪಾಜೆ ಕಡೆಯವರಿಗೆ ಹಳದಿ ಎಲೆ ರೋಗದ ಪರಿಚಯ ಚೆನ್ನಾಗಿಯೇ ಇದೆ. ಅದು ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗ, ಯಾವ ಗೊಬ್ಬರಕ್ಕೂ ಜಗ್ಗುವುದಿಲ್ಲ. ಆ ರೋಗದಲ್ಲಿ ಹಳದಿ ಬಣ್ಣ ಎಲೆಗರಿಗಳ ತುದಿಯಿಂದ ಒಳಗೆ ಸರಿಯುತ್ತದೆ, ನಡುದಿಂಡಿನ ಪಕ್ಕ ಹಸಿರು ಉಳಿದಿರುತ್ತದೆ. ಕಾಯಿ ಒಡೆದರೆ ಒಳಗಿನ ತಿರುಳು ಬಣ್ಣಗೆಟ್ಟು ಮೆತ್ತಗಾಗಿರುತ್ತದೆ. ಕಾಯಿ ಒಡೆದು ನೋಡುವ ಕೆಲಸಕ್ಕೆ ಒಂದು ಕತ್ತಿ ಸಾಕು, ಆದರೂ ಎಷ್ಟೋ ಕಡೆ ಅದನ್ನು ಮಾಡದೆಯೇ ಮೆಗ್ನೀಷಿಯಂ ಸಲ್ಫೇಟ್ ತರಿಸಿರುತ್ತಾರೆ. ಮೆಣಸಿನ ಬಳ್ಳಿ ಮಳೆಗಾಲದಲ್ಲೇ ಕಪ್ಪಾಗಿ ಕಳಚಿ ಬಿದ್ದರೆ ಅದು ಸೊರಗು ರೋಗ. ಬೇರಿನಲ್ಲಿ ಗಂಟುಗಳಿದ್ದರೆ ಜಂತುಹುಳು. ಬಸಿಗಾಲುವೆ ಹೂತುಹೋಗಿ ನೀರು ನಿಂತಿದ್ದರೆ ಮೊದಲು ಅದನ್ನು ಬಿಡಿಸಿ. ಇವಿಷ್ಟೂ ಇಲ್ಲವೆಂದಾದರೆ ಮಾತ್ರ ಮುಂದೆ ಓದಿ.

ಈ ಮಣ್ಣಲ್ಲಿ ಏನು ಉಳಿದಿದೆ, ಏನು ಹೋಗಿದೆ

ರಸ್ತೆಗೆಂದು ಗುಡ್ಡ ಕಡಿದ ಧರೆಯ ಮುಂದೆ ಐದು ನಿಮಿಷ ನಿಂತರೆ ಪ್ರಯೋಗಾಲಯ ಹೇಳುವ ಅರ್ಧ ಸಂಗತಿ ಅಲ್ಲೇ ಗೊತ್ತಾಗುತ್ತದೆ. ಮೇಲೆ ಒಂದು ಗೇಣಿನಷ್ಟು ಕಂದುಗಪ್ಪು ತಲೆಮಣ್ಣು. ಅದರಡಿ ಕೆಂಪು. ಅದರಡಿ ಕೆಂಪು, ಹಳದಿ, ಬಿಳಿ ಚುಕ್ಕೆ ಬೆರೆತ ಪದರ, ಗಾಳಿ ತಾಗಿ ಗಟ್ಟಿಯಾದರೆ ಅದೇ ಜಂಬಿಟ್ಟಿಗೆ, ಕರಾವಳಿಯವರ ಮುರಕಲ್ಲು. ಅದಕ್ಕೂ ಕೆಳಗೆ ಬಿಳಿ ಅಥವಾ ತೆಳುಗುಲಾಬಿ ಬಣ್ಣದ, ಒದ್ದೆಯಾದರೆ ಜಾರುವ ಶೇಡಿ. ಶೇಡಿಯ ಬುಡದಲ್ಲಿ ಕೊಳೆತ ಕಲ್ಲು: ನೈಸ್ ಶಿಲೆಯ ಪಟ್ಟೆಗಳು ಇದ್ದಂತೆಯೇ ಕಾಣುತ್ತವೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತವೆ. ಗಟ್ಟಿ ಬಂಡೆ ಸಿಗುವುದು ಇನ್ನೂ ಆಳದಲ್ಲಿ. ಕಡಿಯುವಾಗ ಮೆದುವಾಗಿದ್ದು ಬಿಸಿಲಿಗೆ ಕಲ್ಲಾಗುವ ಈ ಪದರವನ್ನೇ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರಂನಲ್ಲಿ ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ವರದಿಯಲ್ಲಿ ಲ್ಯಾಟರೈಟ್ ಎಂದು ಕರೆದದ್ದು.

ಕೆಳಗಿನ ಬಂಡೆಯಲ್ಲಿ ಇರುವುದು ಮುಖ್ಯವಾಗಿ ಫೆಲ್ಡ್‌ಸ್ಪಾರ್, ಸ್ಫಟಿಕ, ಕಪ್ಪು ಅಭ್ರಕ, ಕೆಲವೆಡೆ ಹಾರ್ನ್‌ಬ್ಲೆಂಡ್. ಪೊಟ್ಯಾಷ್, ಸುಣ್ಣ, ಮೆಗ್ನೀಷಿಯಂ ಎಲ್ಲವೂ ಇವುಗಳೊಳಗೆ ಕೂತಿರುತ್ತವೆ. ಮಳೆನೀರು ಗಾಳಿಯ ಮತ್ತು ಬೇರುಗಳ ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತೆಳು ಆಮ್ಲವಾಗಿ ಇಳಿಯುತ್ತದೆ. ಲಕ್ಷಾಂತರ ವರ್ಷ ಹೀಗೆ ಇಳಿದಾಗ ಫೆಲ್ಡ್‌ಸ್ಪಾರಿನಿಂದ ಪೊಟ್ಯಾಷಿಯಂ, ಸೋಡಿಯಂ, ಕ್ಯಾಲ್ಸಿಯಂ ಮೊದಲು ತೊಳೆದುಹೋಗುತ್ತವೆ, ಹಿಂದೆಯೇ ಒಂದಷ್ಟು ಸಿಲಿಕವೂ ಹೋಗುತ್ತದೆ. ಉಳಿದದ್ದು ಕೆಯೊಲಿನೈಟ್ ಎಂಬ ಜೇಡಿ. ಶೇಡಿ ಮಣ್ಣು ಬಹುತೇಕ ಇದೇ. ಮಳೆ ಇನ್ನೂ ಜೋರಾಗಿದ್ದು ನೀರು ಸರಾಗ ಬಸಿದರೆ ಕೆಯೊಲಿನೈಟಿನ ಸಿಲಿಕವೂ ಕರಗಿ ಹೋಗಿ ಬರೀ ಅಲ್ಯುಮಿನಿಯಂ ಹೈಡ್ರಾಕ್ಸೈಡ್, ಅಂದರೆ ಗಿಬ್ಸೈಟ್ ಉಳಿಯುತ್ತದೆ. ಅಭ್ರಕ, ಹಾರ್ನ್‌ಬ್ಲೆಂಡ್‌ಗಳಲ್ಲಿದ್ದ ಕಬ್ಬಿಣ ಗಾಳಿ ತಾಗಿ ಅಲ್ಲೇ ತುಕ್ಕಾಗುತ್ತದೆ. ನೀರಿನಂಶ ಇರುವ ತುಕ್ಕು ಗೋಥೈಟ್, ಅದರ ಬಣ್ಣ ಹಳದಿಗಂದು. ಇಲ್ಲದ್ದು ಹೆಮಟೈಟ್, ಅದು ಕೆಂಪು. ಸ್ಫಟಿಕ ಕಣಗಳು ಮಾತ್ರ ಹಾಗೆಯೇ ಉಳಿಯುತ್ತವೆ, ಗಿಡಕ್ಕೆ ಅವುಗಳಿಂದ ಮೂರುಕಾಸಿನ ಪ್ರಯೋಜನವಿಲ್ಲ.

ಬಾಬಾಬುಡನ್ ಮತ್ತು ಕುದುರೆಮುಖದ ಸುತ್ತ ಬುಡದ ಬಂಡೆಯಲ್ಲೇ ಕಬ್ಬಿಣ ಹೆಚ್ಚು, ಹಾಗಾಗಿ ಅಲ್ಲಿನ ಮಣ್ಣಿನ ಕೆಂಪು ಇನ್ನೂ ಗಾಢ. ಆದರೆ ತೋಟದ ಗತಿ ನಿರ್ಧರಿಸುವುದು ಬಂಡೆಗಿಂತ ಹೆಚ್ಚಾಗಿ ಮಳೆ. ಕೊಡಗನ್ನೇ ನೋಡಿ. ಭಾಗಮಂಡಲದ ಕಡೆ ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಸುರಿಯುತ್ತದೆ, ಕುಶಾಲನಗರದ ಹತ್ತಿರ ಬರುವ ಹೊತ್ತಿಗೆ ಅದು ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ನಡುವಿನ ದೂರ ಒಂದು ಮುಂಜಾನೆಯ ಬಸ್ ಪ್ರಯಾಣ. ಪಶ್ಚಿಮದ ಮಣ್ಣು ತೊಳೆದು ಬರಿದಾಗಿದೆ, ಪೂರ್ವದ ಕೆಂಪು ಮಣ್ಣಿನಲ್ಲಿ ಸುಣ್ಣ, ಮೆಗ್ನೀಷಿಯಂ ಇನ್ನೂ ತಕ್ಕಮಟ್ಟಿಗೆ ಉಳಿದಿವೆ. ಕುಶಾಲನಗರದ ನೆಂಟರ ತೋಟದ ಗೊಬ್ಬರದ ಲೆಕ್ಕ ಭಾಗಮಂಡಲಕ್ಕೆ ಒಗ್ಗದಿರುವುದು ಇದೇ ಕಾರಣಕ್ಕೆ.

ಇದರಿಂದ ಆಗುವ ರಾಸಾಯನಿಕ ಪರಿಣಾಮ ಮೂರು, ಕೆಳಗಿನ ಎಲ್ಲ ದೋಷಗಳೂ ಅವುಗಳಿಂದಲೇ ಹುಟ್ಟುತ್ತವೆ.

ಮೊದಲನೆಯದು ಉಗ್ರಾಣದ ಗಾತ್ರ. ಜೇಡಿ ಕಣಗಳ ಮೇಲಿನ ಋಣ ವಿದ್ಯುದಂಶ ಕ್ಯಾಲ್ಸಿಯಂ, ಪೊಟ್ಯಾಷಿಯಂ, ಅಮೋನಿಯಂನಂಥ ಧನ ಅಯಾನುಗಳನ್ನು ಹಿಡಿದಿಡುತ್ತದೆ. ವರದಿಯಲ್ಲಿ ಸಿಇಸಿ ಎಂದು ಬರೆಯುವುದು ಇದನ್ನೇ. ಬಯಲುಸೀಮೆಯ ಎರೆಮಣ್ಣಿನ ಸ್ಮೆಕ್ಟೈಟ್ ಜೇಡಿಗೆ ಕಿಲೋಗೆ 80ರಿಂದ 120 ಸೆಂಟಿಮೋಲ್ (ವಿದ್ಯುದಂಶ ಎಣಿಸುವ ಮಾನ) ಹಿಡಿಯುವ ಶಕ್ತಿ ಇದೆ. ಕೆಯೊಲಿನೈಟಿಗೆ 3ರಿಂದ 15, ಕಬ್ಬಿಣದ ತುಕ್ಕಿಗೆ ಅದೂ ಇಲ್ಲ. ಕೊಳೆತ ಸೊಪ್ಪಿನ ಹ್ಯೂಮಸ್ಸಿಗೆ ಮಾತ್ರ 150 ದಾಟುತ್ತದೆ. ಅಂದರೆ ಮಲೆನಾಡಿನಲ್ಲಿ ಉಗ್ರಾಣ ಇರುವುದು ಆ ಒಂದು ಗೇಣು ತಲೆಮಣ್ಣಿನಲ್ಲಿ, ಖನಿಜದಲ್ಲಲ್ಲ. ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ತೋಟಕ್ಕೆ ಹಾಕುತ್ತಿದ್ದ ಹಿರಿಯರಿಗೆ ಈ ಅಂಕಿಗಳು ಬೇಕಾಗಿರಲಿಲ್ಲ.

ಎರಡನೆಯದು, ಈ ವಿದ್ಯುದಂಶ ಸ್ಥಿರವಲ್ಲ. ಮಣ್ಣು ಹುಳಿಯಾದಷ್ಟೂ ಹಿಡಿಯುವ ಶಕ್ತಿ ಕುಗ್ಗುತ್ತದೆ, ಹುಳಿ ತಗ್ಗಿಸಿದರೆ ಹಿಗ್ಗುತ್ತದೆ. ಎರೆಮಣ್ಣಿನಲ್ಲಿ ಹೀಗಾಗುವುದು ತೀರ ಕಡಿಮೆ. ಮೂರನೆಯದು, ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡ್‌ಗಳ ಮೈ ರಂಜಕವನ್ನು ಕಂಡರೆ ಬಿಡುವುದಿಲ್ಲ.

ಮಣ್ಣು ತೆಗೆಯುವಲ್ಲೇ ಆಗುವ ಎಡವಟ್ಟು

ಇಳಿಜಾರಿನ ತಲೆ, ನಡು, ಬುಡ ಮೂರೂ ಬೇರೆ ಮಣ್ಣು. ಮೂರನ್ನೂ ಕಲಸಿ ಒಂದು ಪೊಟ್ಟಣ ಮಾಡಿದರೆ ಬರುವ ಸರಾಸರಿ ತೋಟದ ಯಾವ ಜಾಗಕ್ಕೂ ಹೊಂದುವುದಿಲ್ಲ. ದರಗು (ಉದುರಿದ ಒಣ ಎಲೆ) ಸರಿಸಿ 0ರಿಂದ 9 ಅಂಗುಲದ್ದು ಒಂದು, 9ರಿಂದ 18 ಅಂಗುಲದ್ದು ಇನ್ನೊಂದು, ಹೀಗೆ ಎರಡು ಆಳದಲ್ಲಿ ತೆಗೆಯಿರಿ. ಕೆಳಗಿನದ್ದನ್ನು ಬಹುತೇಕ ಯಾರೂ ತೆಗೆಯುವುದಿಲ್ಲ, ಆದರೆ ದೋಷ ಅಡಗಿರುವುದು ಅಲ್ಲೇ. ಸುಣ್ಣ ಅಥವಾ ಗೊಬ್ಬರ ಹಾಕಿ ಎರಡು ಮೂರು ತಿಂಗಳಾದರೂ ಕಳೆದಿರಲಿ. ಸುಟ್ಟ ಕಸದ ಜಾಗ, ಸುಣ್ಣ ರಾಶಿ ಹಾಕಿದ್ದ ಮೂಲೆ, ಕಾಫಿ ಪಲ್ಪರ್ ನೀರು ಹರಿದ ಕಡೆ ಬೇಡ. ಜಿಂಕ್ ಅಳೆಸುವುದಿದ್ದರೆ ತಗಡಿನ ಬಕೆಟ್ಟು ಬೇಡ, ಪ್ಲಾಸ್ಟಿಕ್ಕಿನದು ಇರಲಿ.

ಕೈಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕೆಂಪು ಮಣ್ಣು ಒಂದು ಹಿಡಿ ತೆಗೆದು ನೀರು ಚಿಮುಕಿಸಿ ಹಿಸುಕಿ. ಮೊದಲಿಗೆ ಮರಳುಮಣ್ಣಿನಂತೆ ಗರಗರ ಎನ್ನುತ್ತದೆ. ಬಿಡಬೇಡಿ, ಹನಿ ಹನಿ ನೀರು ಸೇರಿಸುತ್ತ ಮೂರು ನಾಲ್ಕು ನಿಮಿಷ ನಾದುತ್ತ ಹೋಗಿ. ಗರಗರ ಮಾಯವಾಗಿ ಅಂಟು ಜೇಡಿಯಾದರೆ, ಮೊದಲು ಮರಳೆಂದು ತೋರಿದ್ದು ಕಬ್ಬಿಣದ ತುಕ್ಕು ಅಂಟಿಸಿದ ಜೇಡಿ ಉಂಡೆಗಳು. ಇದು ಆಕ್ಸೈಡ್ ತುಂಬಿದ ಮಣ್ಣಿನ ಗುರುತು. ಇಂಥ ಮಣ್ಣಿನಲ್ಲಿ ನೀರು ಮರಳಿನಲ್ಲಿ ಇಳಿದಂತೆ ಇಳಿಯುತ್ತದೆ, ರಂಜಕ ಮಾತ್ರ ಜೇಡಿಯಲ್ಲಿ ಸಿಕ್ಕಿಬಿದ್ದಂತೆ ಸಿಕ್ಕಿಬೀಳುತ್ತದೆ. ಮರಳುಮಣ್ಣೆಂದು ತಿಳಿದು ಗೊಬ್ಬರ ಲೆಕ್ಕ ಹಾಕಿದವರು ಎಡವುವುದು ಇಲ್ಲಿ.

ವರದಿ ಕೈಗೆ ಬಂದಾಗ

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಜಿಂಕ್, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್ (ಹುಳಿಯ ಅಳತೆ), ಲವಣಾಂಶ, ಸಾವಯವ ಇಂಗಾಲ. ದೇಶಕ್ಕೆಲ್ಲ ಒಂದೇ ಪಟ್ಟಿ ಮಾಡುವಾಗ ಹೀಗಾಗುವುದು ಸಹಜವೇನೋ, ಆದರೆ ಮಲೆನಾಡಿಗೆ ಮೊದಲು ಬೇಕಾದ ಮೂರು, ಅಂದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಮತ್ತು ವಿನಿಮಯಯೋಗ್ಯ (ಮಣ್ಣಿನ ಕಣಕ್ಕೆ ಸಡಿಲವಾಗಿ ಅಂಟಿರುವ) ಅಲ್ಯುಮಿನಿಯಂ, ಆ ಪಟ್ಟಿಯಲ್ಲಿಲ್ಲ. ಚೀಟಿ ಇದ್ದವರು ಅದರಿಂದ ಪಿಎಚ್ ಮತ್ತು ಸಾವಯವ ಇಂಗಾಲ ನೋಡಿಕೊಳ್ಳಿ, ಉಳಿದ ಮೂರನ್ನು ಕೇಳಿ ಮಾಡಿಸಿ.

ಪಿಎಚ್ ಎರಡು ಬಗೆಯಲ್ಲಿ ಅಳೆಸಬೇಕು, ನೀರಿನಲ್ಲಿ ಒಮ್ಮೆ, ಪೊಟ್ಯಾಷಿಯಂ ಕ್ಲೋರೈಡ್ ದ್ರಾವಣದಲ್ಲಿ ಇನ್ನೊಮ್ಮೆ. ನೀರಿನ ಅಂಕಿ ಋತುವಿನೊಂದಿಗೆ ಏರಿಳಿಯುತ್ತದೆ, ಬೇಸಿಗೆಯಲ್ಲಿ ಗೊಬ್ಬರದ ಉಪ್ಪು ಉಳಿದಿದ್ದರೆ ಕೆಳಗೆ ತೋರಿಸುತ್ತದೆ. ಕ್ಲೋರೈಡ್ ಅಂಕಿ ಅಷ್ಟು ಅಲುಗಾಡುವುದಿಲ್ಲ, ಮಣ್ಣು ಒಳಗೆ ಹಿಡಿದಿಟ್ಟ ಹುಳಿಯನ್ನೂ ಹೊರಗೆಳೆದು ತೋರಿಸುತ್ತದೆ. ಸಾಮಾನ್ಯವಾಗಿ ಎರಡನೆಯದು ಅರ್ಧದಿಂದ ಒಂದು ಅಂಕದಷ್ಟು ಕಡಿಮೆ ಇರುತ್ತದೆ. ವ್ಯತ್ಯಾಸ ಸೊನ್ನೆಯ ಹತ್ತಿರ ಬಂದರೆ ಖನಿಜ ಬಹುತೇಕ ಗಿಬ್ಸೈಟ್ ಮತ್ತು ತುಕ್ಕಿನ ಹಂತ ಮುಟ್ಟಿದೆ, ಅಲ್ಲಿ ಧನ ಅಯಾನು ಹಿಡಿಯುವ ಮೈಯೇ ಉಳಿದಿಲ್ಲ ಎಂದು ತಿಳಿಯಿರಿ. ಕ್ಷ-ಕಿರಣದ ಯಂತ್ರವಿಲ್ಲದೆ ಖನಿಜದ ಅಂದಾಜು ಸಿಗುವ ಇಷ್ಟು ಅಗ್ಗದ ದಾರಿ ಬೇರೆ ನನಗೆ ಗೊತ್ತಿಲ್ಲ. ಇನ್ನೊಂದು ಮಾತು: ಪಿಎಚ್ ಒಂದು ಅಂಕ ಇಳಿದರೆ ಆಮ್ಲತೆ ಹತ್ತು ಪಟ್ಟು ಏರಿದಂತೆ. 4.7ಕ್ಕೂ 5.7ಕ್ಕೂ ಇರುವುದು ಸಣ್ಣ ಅಂತರವಲ್ಲ.

ಈಗ ಲೆಕ್ಕ ಹಾಕಿ ತೋರಿಸಲು ಹೀಗೊಂದು ವರದಿ ಇದೆ ಎಂದಿಟ್ಟುಕೊಳ್ಳೋಣ. ನೀರಿನ ಪಿಎಚ್ 4.7, ಕ್ಲೋರೈಡ್ ಪಿಎಚ್ 4.0. ವಿನಿಮಯಯೋಗ್ಯ ಕ್ಯಾಲ್ಸಿಯಂ 0.9, ಮೆಗ್ನೀಷಿಯಂ 0.3, ಪೊಟ್ಯಾಷಿಯಂ 0.15, ಸೋಡಿಯಂ 0.05, ಅಲ್ಯುಮಿನಿಯಂ 2.1, ಎಲ್ಲವೂ ಕಿಲೋಗೆ ಸೆಂಟಿಮೋಲ್ ಲೆಕ್ಕದಲ್ಲಿ. ಸಿಇಸಿ 11 ಎಂದು ಅಚ್ಚಾಗಿದೆ.

ಮೊದಲು ಆ 11ನ್ನು ನಂಬಬೇಡಿ. ಅದನ್ನು ಅಳೆದಿರುವುದು ಪಿಎಚ್ 7ರ ಅಮೋನಿಯಂ ಅಸಿಟೇಟ್ ದ್ರಾವಣದಲ್ಲಿ. ಮಣ್ಣು ಹುಳಿ ಕಳೆದುಕೊಂಡು 7ಕ್ಕೆ ಬಂದರೆ ಉಗ್ರಾಣ ಎಷ್ಟು ದೊಡ್ಡದಾದೀತು ಎಂಬ ಕಲ್ಪನೆಯ ಅಂಕಿ ಅದು. 4.7ರಲ್ಲಿ ನಿಜಕ್ಕೂ ಇರುವುದು ನಾಲ್ಕು ಪ್ರತ್ಯಾಮ್ಲಗಳ ಮೊತ್ತ 1.4, ಅದಕ್ಕೆ ಅಲ್ಯುಮಿನಿಯಂ 2.1 ಸೇರಿ 3.5. ಇಷ್ಟೇ ಆ ತೋಟದ ಬಂಡವಾಳ, ಅದರಲ್ಲೂ 60 ಶೇಕಡಾ ಜಾಗವನ್ನು ಅಲ್ಯುಮಿನಿಯಂ ಆಕ್ರಮಿಸಿಕೊಂಡಿದೆ. ಇನ್ನು ಪೊಟ್ಯಾಷ್ 0.15 ಎಂದರೆ ಹೆಕ್ಟೇರಿಗೆ ಸುಮಾರು 130 ಕಿಲೋ ಪೊಟ್ಯಾಷಿಯಂ. ಚೀಟಿಯಲ್ಲಿ ಅದನ್ನು ಮಧ್ಯಮ ಎಂದು ಬರೆಯುತ್ತಾರೆ. ಬಯಲಿನ ಅಭ್ರಕಭರಿತ ಮಣ್ಣಿನಲ್ಲಿ ಮಧ್ಯಮ ಎಂದರೆ ಹಿಂದೆ ಇನ್ನಷ್ಟು ದಾಸ್ತಾನು ಇದೆ, ಬೇರು ಹೀರಿದಷ್ಟೂ ಕಲ್ಲು ನಿಧಾನವಾಗಿ ಬಿಡುತ್ತದೆ ಎಂದರ್ಥ. ಇಲ್ಲಿ ಅಭ್ರಕ ಎಂದೋ ಕೊಳೆತು ಮುಗಿದಿದೆ. ಕಾಣುವುದಷ್ಟೇ ಇರುವುದು. ಹಾಗಾಗಿ ಪೊಟ್ಯಾಷ್ ಒಂದೇ ಕಂತಿನಲ್ಲಿ ಸುರಿದರೆ ಆಷಾಢದ ಮಳೆಗೆ ಹೊಳೆ ಪಾಲು, ಮೂರು ನಾಲ್ಕು ಕಂತಾಗಿ ಒಡೆದರೆ ಮಾತ್ರ ಗಿಡದ ಪಾಲು.

ಲಕ್ಷಣ: ಬೇಸಿಗೆಯಲ್ಲಿ ಬೇಗ ಬಾಡುವುದು, ಬೇರು ಮೇಲ್ಮೈ ಬಿಟ್ಟು ಇಳಿಯದಿರುವುದು

ಇದು ಅಲ್ಯುಮಿನಿಯಂನ ಕೆಲಸ ಎಂದು ಶಂಕಿಸಿ. ಪಿಎಚ್ 5.5ರ ಮೇಲಿದ್ದಾಗ ಅಲ್ಯುಮಿನಿಯಂ ಖನಿಜದೊಳಗೆ ಸುಮ್ಮನೆ ಇರುತ್ತದೆ. ಅದರ ಕೆಳಗೆ ಇಳಿದಂತೆ ಕರಗಿ ನೀರಿಗೆ ಬರತೊಡಗುತ್ತದೆ, 5ರ ಕೆಳಗಂತೂ ವೇಗ ಹೆಚ್ಚು. ಬೇರಿನ ತುದಿಯ ಕೋಶಗಳು ಉದ್ದವಾಗುವುದನ್ನೇ ಅದು ನಿಲ್ಲಿಸುತ್ತದೆ. ಗಿಡದ ಪಕ್ಕ ಒಂದೂವರೆ ಅಡಿ ಗುಂಡಿ ತೋಡಿ, ಬೇರನ್ನು ನೀರಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಆರೋಗ್ಯದ ಬೇರು ಬಿಳಿಯಾಗಿ ಕವಲೊಡೆದು ಕೂದಲಿನಷ್ಟು ತೆಳುವಾಗಿ ಮುಗಿಯುತ್ತದೆ. ಅಲ್ಯುಮಿನಿಯಂ ತಗಲಿದ ಬೇರು ದಪ್ಪಗೆ, ಮೊಂಡಾಗಿ, ಕಂದು ತುದಿಯೊಂದಿಗೆ ನಿಂತಿರುತ್ತದೆ, ಸಣ್ಣ ಕವಲೇ ಇರುವುದಿಲ್ಲ. ಮೇಲಿನ ಐದಾರು ಅಂಗುಲದಲ್ಲಿ ಬೇರಿನ ಜಾಲ ದಟ್ಟವಾಗಿದ್ದು, ಕೆಳಗೆ ಹೋಗುತ್ತಿದ್ದಂತೆ ಗೆರೆ ಎಳೆದ ಹಾಗೆ ನಿಂತುಹೋಗಿದ್ದರೆ ಸಂಶಯವೇ ಬೇಡ. ಎರಡಡಿ ಕೆಳಗೆ ಏಪ್ರಿಲ್‌ನಲ್ಲೂ ತೇವ ಇರುತ್ತದೆ, ಬೇರು ಅಲ್ಲಿಗೆ ಹೋಗಲಾರದು. ಸ್ಪ್ರಿಂಕ್ಲರ್ ಸುತ್ತು ಹೆಚ್ಚಿಸುವುದು ಇದಕ್ಕೆ ಉತ್ತರವಲ್ಲ.

ಸುಣ್ಣ ಎಷ್ಟು? ವಿನಿಮಯಯೋಗ್ಯ ಅಲ್ಯುಮಿನಿಯಂ ಅಂಕಿಯನ್ನು ಒಂದೂವರೆಯಿಂದ ಗುಣಿಸಿದರೆ ಹೆಕ್ಟೇರಿಗೆ ಟನ್ ಲೆಕ್ಕದಲ್ಲಿ ಶುದ್ಧ ಸುಣ್ಣಕಲ್ಲಿನ ಪುಡಿ ಎಷ್ಟು ಬೇಕೆಂಬ ಅಂದಾಜು ಬರುತ್ತದೆ, ಮೇಲಿನ ಆರು ಅಂಗುಲ ಮಣ್ಣಿಗೆ. ನಮ್ಮ ಉದಾಹರಣೆಯಲ್ಲಿ 2.1ಕ್ಕೆ 3.15 ಟನ್, ಎಕರೆಗೆ ಹೆಚ್ಚುಕಡಿಮೆ 1.3 ಟನ್. ಇದನ್ನು ಎರಡು ವರ್ಷಕ್ಕೆ ಹಂಚಿ ಹಾಕುವುದು ನನ್ನ ಆಯ್ಕೆ. ಪಿಎಚ್ 7ಕ್ಕೆ ತರುತ್ತೇನೆಂದು ಹಟ ಹಿಡಿದರೆ ಈ ಮಣ್ಣು ಬೇರೆ ರೀತಿ ಸೇಡು ತೀರಿಸಿಕೊಳ್ಳುತ್ತದೆ: ಜಿಂಕ್, ಬೋರಾನ್, ಮ್ಯಾಂಗನೀಸ್ ಕೈಗೆ ಸಿಗದಂತಾಗುತ್ತವೆ, ಚಿಗುರೆಲೆ ಸಣ್ಣಗೆ ಗೊಂಚಲಾಗುತ್ತದೆ. ಅಲ್ಯುಮಿನಿಯಂ ಅಡಗಿಸಲು 5.5 ದಾಟಿದರೆ ಸಾಕು. ಕಾಫಿಗೆ 6ರ ಆಸುಪಾಸು ಸಾಕಷ್ಟಾಯಿತು.

ಆಳದ ಮಣ್ಣು ಕೆಟ್ಟಿದ್ದರೆ ಮೇಲೆ ಚೆಲ್ಲಿದ ಸುಣ್ಣ ಅಲ್ಲಿಗೆ ತಲುಪಲು ವರ್ಷಗಟ್ಟಲೆ ಬೇಕು. ನಿಂತ ತೋಟದಲ್ಲಿ ಅಗೆದು ಬೆರೆಸಲೂ ಆಗದು. ಆಗ ಜಿಪ್ಸಂ ಉಪಯೋಗಕ್ಕೆ ಬರುತ್ತದೆ. ಜಿಪ್ಸಂ ಪಿಎಚ್ ಏರಿಸುವುದಿಲ್ಲ, ಆದರೆ ಸುಣ್ಣಕಲ್ಲಿಗಿಂತ ಸಲೀಸಾಗಿ ಕರಗಿ ಕೆಳಗಿಳಿಯುತ್ತದೆ. ಅದರ ಸಲ್ಫೇಟ್ ಅಲ್ಯುಮಿನಿಯಂನೊಂದಿಗೆ ಸೇರಿ ವಿಷವನ್ನು ತಗ್ಗಿಸುತ್ತದೆ, ಕ್ಯಾಲ್ಸಿಯಂ ಬೇರಿಗೆ ಸಿಗುತ್ತದೆ. ಸುಣ್ಣದ ಬದಲಿಗೆ ಅಲ್ಲ, ಸುಣ್ಣದ ಜೊತೆಗೆ. ಮೆಗ್ನೀಷಿಯಂ ಅದರ ಹಿಂದೆ ಕೊಚ್ಚಿ ಹೋಗದಂತೆ ಡೋಲೊಮೈಟ್ ಸುಣ್ಣ ಬಳಸಿದರೆ ಒಳ್ಳೆಯದು.

ಲಕ್ಷಣ: ಸುಣ್ಣ ಹಾಕಿದರೂ ಪಿಎಚ್ ಕದಲುತ್ತಿಲ್ಲ

ಮೂಟೆಯೊಳಗೆ ಏನಿದೆ ನೋಡಿ. ಒಂದು ಚಮಚ ಪುಡಿಗೆ ವಿನಿಗರ್ ಹನಿಸಿದರೆ ಸುಣ್ಣಕಲ್ಲಿನ ಪುಡಿ ನೊರೆ ಉಗುಳುತ್ತದೆ, ಜಿಪ್ಸಂ ಸುಮ್ಮನಿರುತ್ತದೆ. ಡೋಲೊಮೈಟ್ ನಿಧಾನ, ನುಣ್ಣಗೆ ಪುಡಿ ಮಾಡಿದರೆ ಮಾತ್ರ ಸಣ್ಣಗೆ ಗುಳ್ಳೆ ಬಿಡುತ್ತದೆ. ಚಿಪ್ಪು ಸುಟ್ಟು ಮಾಡಿದ ಹೊಸ ಸುಣ್ಣವೂ ಹೆಚ್ಚು ನೊರೆ ಬಿಡುವುದಿಲ್ಲ, ಅದು ಆಕ್ಸೈಡ್ ಅಥವಾ ಹೈಡ್ರಾಕ್ಸೈಡ್. ಶಕ್ತಿಯ ಲೆಕ್ಕದಲ್ಲಿ ಶುದ್ಧ ಸುಣ್ಣಕಲ್ಲು 100 ಎಂದರೆ ಡೋಲೊಮೈಟ್ 109, ಅರಳಿಸಿದ ಸುಣ್ಣ 136, ಸುಟ್ಟ ಸುಣ್ಣ 179. ಸುಟ್ಟ ಸುಣ್ಣವನ್ನು ಸುಣ್ಣಕಲ್ಲಿನ ಪ್ರಮಾಣದಲ್ಲೇ ಎರಚಿದವರ ತೋಟದಲ್ಲಿ ಬೇರು ಸುಟ್ಟಿದ್ದು ಆಶ್ಚರ್ಯವಲ್ಲ.

ಆಮೇಲೆ ನಯ. ಸಕ್ಕರೆಯಷ್ಟು ದೊರಗಾಗಿದ್ದರೆ ವರ್ಷಗಟ್ಟಲೆ ಕಲ್ಲಾಗಿಯೇ ಕೂತಿರುತ್ತದೆ, ಗೋಧಿಹಿಟ್ಟಿನಷ್ಟು ನುಣ್ಣಗಿರಬೇಕು. ಬೆರಳ ನಡುವೆ ಉಜ್ಜಿದರೆ ತಿಳಿಯುತ್ತದೆ. ಬಾಗಲಕೋಟೆ ಕಡೆಯಿಂದ ಬರುವ ಸುಣ್ಣಕಲ್ಲು, ಡೋಲೊಮೈಟ್ ಒಳ್ಳೆಯವೇ, ಅರೆದಿರುವ ರೀತಿಯಲ್ಲಿ ಮೋಸವಾಗುತ್ತದೆ.

ಪುಡಿ ಸರಿಯಾಗಿದ್ದೂ ಪಿಎಚ್ ಏರದಿದ್ದರೆ ಗೊಬ್ಬರದ ಪುಸ್ತಕ ತೆರೆಯಿರಿ. 100 ಕಿಲೋ ಅಮೋನಿಯಂ ಸಲ್ಫೇಟ್ ಹುಟ್ಟಿಸುವ ಹುಳಿಯನ್ನು ಕಳೆಯಲು ಸುಮಾರು 110 ಕಿಲೋ ಸುಣ್ಣಕಲ್ಲು ಬೇಕು, 100 ಕಿಲೋ ಯೂರಿಯಾಕ್ಕೆ 80ರಷ್ಟು. ವರ್ಷ ವರ್ಷ ಒಂದೇ ವೃತ್ತದಲ್ಲಿ ಬೀಳುವ ಈ ಹುಳಿ ಗಿಡದ ಬುಡದ ಮಣ್ಣನ್ನು ಸಾಲುಗಳ ನಡುವಿನ ಮಣ್ಣಿಗಿಂತ ಬೇರೆಯೇ ಮಾಡಿಬಿಡುತ್ತದೆ. ಹಾಗಾಗಿ ವೃತ್ತದ ಒಳಗೊಂದು, ಹೊರಗೊಂದು ಮಾದರಿ ಕೊಟ್ಟು ನೋಡಿ. ಒಳಗೆ 4.4, ಹೊರಗೆ 5.3 ಎಂಬಂಥ ಅಂತರ ಕಂಡರೆ ದೋಷ ಗೊಬ್ಬರದ ಆಯ್ಕೆಯಲ್ಲಿದೆ. ಇನ್ನೊಂದು ಸಣ್ಣ ಎಚ್ಚರ: ಸುಣ್ಣಕ್ಕೂ ಯೂರಿಯಾಕ್ಕೂ ಕನಿಷ್ಠ ಮೂರು ವಾರದ ಅಂತರ ಇರಲಿ, ಇಲ್ಲದಿದ್ದರೆ ಸಾರಜನಕ ಅಮೋನಿಯಾ ವಾಸನೆಯಾಗಿ ಮೂಗಿಗೆ ಬರುತ್ತದೆ.

ಲಕ್ಷಣ: ರಂಜಕ ಹಾಕಿದಷ್ಟೂ ಕಡಿಮೆ ಎಂದೇ ವರದಿ

ಪ್ರಯೋಗಾಲಯ ಯಾವ ವಿಧಾನ ಬಳಸಿದೆ ಎಂದು ಮೊದಲು ಕೇಳಿ. ಹುಳಿ ಮಣ್ಣಿಗೆ ಬ್ರೇ ವಿಧಾನ, ತಟಸ್ಥ ಹಾಗೂ ಕ್ಷಾರ ಮಣ್ಣಿಗೆ ಓಲ್ಸನ್ ವಿಧಾನ. ಎಲ್ಲ ಪೊಟ್ಟಣಕ್ಕೂ ಓಲ್ಸನ್ ಒಂದನ್ನೇ ಮಾಡಿದ್ದರೆ ಆ ಸಾಲನ್ನು ಪಕ್ಕಕ್ಕಿಡಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಂತೆ ಮಲೆನಾಡಿನ ಮಣ್ಣಿನ ಜೊತೆಗೇ ಬೆಳೆದ ಸಂಸ್ಥೆಗಳಲ್ಲಿ ಈ ಗೊಂದಲ ಇರಲಾರದು, ದೂರದ ಪ್ರಯೋಗಾಲಯಕ್ಕೆ ಕಳಿಸುವವರು ಕೇಳಿಕೊಳ್ಳಬೇಕು.

ವಿಧಾನ ಸರಿಯಿದ್ದೂ ಕಡಿಮೆ ಬಂದರೆ ಅದು ಆಕ್ಸೈಡ್‌ಗಳ ಹಿಡಿತ. ಕರಗಿದ ಫಾಸ್ಫೇಟ್ ತುಕ್ಕಿನ ಮೈಮೇಲಿನ ಹೈಡ್ರಾಕ್ಸಿಲ್ ಅನ್ನು ತಳ್ಳಿ ತಾನು ಕೂತುಬಿಡುತ್ತದೆ, ದಿನ ಕಳೆದಂತೆ ಹಿಡಿತ ಬಿಗಿಯಾಗುತ್ತದೆ. ಸೂಪರ್ ಫಾಸ್ಫೇಟನ್ನು ತೋಟದ ತುಂಬ ಎರಚಿದರೆ ಪ್ರತಿ ಕಣಕ್ಕೂ ತುಕ್ಕಿನ ಮೈ ಸಿಗುವಂತೆ ನಾವೇ ಏರ್ಪಾಡು ಮಾಡಿದಂತಾಯಿತು. ಒಂದೆರಡು ಕಡೆ ಗುಡ್ಡೆಯಾಗಿ, ಕಳಿತ ಗೊಬ್ಬರದ ಜೊತೆ ಬೆರೆಸಿ ಹಾಕಿ. ಗೊಬ್ಬರ ಕಳಿಯುವಾಗ ಹುಟ್ಟುವ ಸಾವಯವ ಆಮ್ಲಗಳು ಅದೇ ಮೈಗಾಗಿ ಪೈಪೋಟಿ ಮಾಡುತ್ತವೆ. ಪಿಎಚ್ 5.5ರ ಕೆಳಗಿರುವಲ್ಲಿ ಶಿಲಾರಂಜಕ ಅಗ್ಗ ಮತ್ತು ಉತ್ತಮ, ಮಣ್ಣಿನ ಹುಳಿಯೇ ಅದನ್ನು ಕರಗಿಸುತ್ತದೆ. ಆದರೆ ಅದೇ ಜಾಗಕ್ಕೆ ಅದೇ ತಿಂಗಳು ಸುಣ್ಣವನ್ನೂ ಸುರಿದರೆ ಶಿಲಾರಂಜಕ ಕಲ್ಲುಪುಡಿಯಾಗಿಯೇ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಬೆರೆಸಿ ಕೊಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ.

ಇದರ ಉಲ್ಟಾ ಪ್ರಕರಣವೂ ಇದೆ. ದಶಕಗಟ್ಟಲೆ ಕಾಂಪ್ಲೆಕ್ಸ್ ಗೊಬ್ಬರ ಕಂಡ ಹಳೆ ತೋಟಗಳಲ್ಲಿ ಮೇಲ್ಮಣ್ಣಿನ ರಂಜಕ ವಿಪರೀತ ಏರಿರುತ್ತದೆ. ಅಲ್ಲಿ ರಂಜಕ ನಿಲ್ಲಿಸಬೇಕು, ಅದು ಜಿಂಕ್‌ನ ದಾರಿಗೆ ಅಡ್ಡ ಬರುತ್ತದೆ.

ಅಡಿಕೆ ತೋಟಕ್ಕೆ ಹೊಸ ಮಣ್ಣು ಹಾಕಿಸುವವರಿಗೆ ಇಲ್ಲೇ ಒಂದು ಮಾತು. ಹಿಂದೆ ಬೆಟ್ಟದಿಂದ ತರುತ್ತಿದ್ದದ್ದು ಸೊಪ್ಪು ಕೊಳೆತ ತಲೆಮಣ್ಣು. ಈಗ ಜೆಸಿಬಿ ಗುಡ್ಡದ ಹೊಟ್ಟೆ ಬಗೆದು ಕೊಡುವುದು ಹತ್ತಡಿ ಆಳದ ಕೆಂಪು ಅಥವಾ ಶೇಡಿ. ಅದರಲ್ಲಿ ಹ್ಯೂಮಸ್ ಇಲ್ಲ, ತುಕ್ಕಿನ ಮೈ ಇನ್ನೂ ಖಾಲಿ, ರಂಜಕಕ್ಕಾಗಿ ಹಸಿದಿದೆ, ಅಲ್ಯುಮಿನಿಯಂ ಬೇರೆ. ಮಣ್ಣು ಹಾಕಿಸಿದ ವರ್ಷವೇ ಮರ ಸೊರಗಿದರೆ ರೋಗ ಹುಡುಕುವ ಮೊದಲು ಲಾರಿಯಲ್ಲಿ ಬಂದದ್ದೇನು ಎಂದು ನೆನಪಿಸಿಕೊಳ್ಳಿ.

ಲಕ್ಷಣ: ಬಸಿಗಾಲುವೆಯಲ್ಲಿ ಎಣ್ಣೆಯಂಥ ಪೊರೆ, ಕಿತ್ತಳೆ ರಾಡಿ

ಗದ್ದೆ ಒಡೆದು ಮಾಡಿದ ತೋಟಗಳಲ್ಲಿ ಇದು ಸಾಮಾನ್ಯ. ನೀರಿನ ಮೇಲಿನ ಬಣ್ಣಬಣ್ಣದ ಪೊರೆಗೆ ಕಡ್ಡಿ ತಾಗಿಸಿ. ಡೀಸೆಲ್ ಆಗಿದ್ದರೆ ಸುತ್ತಿ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ್ದಾದರೆ ತೆಳು ಗಾಜಿನಂತೆ ಚೂರುಚೂರಾಗಿ ಒಡೆದು ಹಾಗೆಯೇ ತೇಲುತ್ತದೆ. ಗುಡ್ಡದಲ್ಲಿ ತುಕ್ಕಾಗಿ ಗಟ್ಟಿ ಕೂತಿದ್ದ ಕಬ್ಬಿಣ, ನೀರು ನಿಂತು ಉಸಿರುಗಟ್ಟಿದ ಕಣಿವೆಯ ಮಣ್ಣಿನಲ್ಲಿ ಕರಗುವ ರೂಪಕ್ಕೆ ಬಂದು, ಕಾಲುವೆಯಲ್ಲಿ ಗಾಳಿ ತಾಗಿದಾಗ ಮತ್ತೆ ತುಕ್ಕಾಗುತ್ತದೆ. ಇಲ್ಲಿ ಬೇರಿಗೆ ಕಬ್ಬಿಣ ವಿಷವಾಗುವಷ್ಟು ಸಿಗುತ್ತಿರುತ್ತದೆ. ಎಲೆ ಹಳದಿ ಕಂಡು ಕಬ್ಬಿಣದ ಸಿಂಪಡಣೆ ಹೊಡೆಯುವುದಕ್ಕಿಂತ ಹಾಸ್ಯಾಸ್ಪದ ಇನ್ನೊಂದಿಲ್ಲ. ಮದ್ದು ಒಂದೇ, ಕಾಲುವೆಯನ್ನು ಆಳ ಮಾಡಿ ನೀರು ಇಳಿಸುವುದು.

ತಾಮ್ರದ ಬಗ್ಗೆ ಚುಟುಕಾಗಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ರೂಢಿ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿದ್ದ ಕಾಲದಿಂದ ಬಂದದ್ದು, ಶತಮಾನ ದಾಟಿದೆ. ಮೈಲುತುತ್ತದ ಕಾಲುಭಾಗ ತಾಮ್ರ, ಮರದಿಂದ ತೊಳೆದು ಬಂದದ್ದು ತಲೆಮಣ್ಣಿನ ಹ್ಯೂಮಸ್ಸಿಗೆ ಅಂಟಿಕೊಳ್ಳುತ್ತದೆ. ಪಿಎಚ್ ಸರಿಯಿದ್ದು ಸೊಪ್ಪು ಬೀಳುತ್ತಿದ್ದರೆ ತೊಂದರೆ ಕೊಡುವುದು ಅಪರೂಪ. ಹುಳಿ ಹೆಚ್ಚಿ ಹ್ಯೂಮಸ್ ಕಡಿಮೆಯಾದ ತೋಟದಲ್ಲಿ ಎಳೆ ಸಸಿ ಬೇರು ಬಿಡದಿದ್ದರೆ ತಾಮ್ರವನ್ನೂ ಅಳೆಸಿ.

ತಿದ್ದಿದ್ದು ಸರಿಯೇ ಎಂದು ತಿಳಿಯುವುದು

ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಯಾವುದು ಕೆಲಸ ಮಾಡಿತು ಎಂದು ಎಂದಿಗೂ ಗೊತ್ತಾಗುವುದಿಲ್ಲ. ಒಂದೇ ಇಳಿಜಾರಿನಲ್ಲಿ ಎರಡು ಸಾಲನ್ನು ಏನೂ ಮಾಡದೆ ಬಿಡಿ. ಪಕ್ಕದ ಎರಡಕ್ಕೆ ಸುಣ್ಣ ಮಾತ್ರ, ಅದರಾಚೆ ಸುಣ್ಣದ ಜೊತೆ ಜಿಪ್ಸಂ. ಮುಂದಿನ ವರ್ಷ ಅದೇ ತಿಂಗಳು, ಅದೇ ಆಳ, ಅದೇ ಪ್ರಯೋಗಾಲಯ. ಎಲೆಯ ಬಣ್ಣಕ್ಕಿಂತ ಮೊದಲು ಬೇರು ಉತ್ತರ ಕೊಡುತ್ತದೆ, ಹಾಗಾಗಿ ಇಳುವರಿಗೆ ಕಾಯದೆ ಮಳೆ ಮುಗಿದ ಮೇಲೆ ಮತ್ತೊಂದು ಗುಂಡಿ ತೋಡಿ ಬಿಳಿ ತುದಿ ಎಷ್ಟು ಅಂಗುಲ ಕೆಳಗಿಳಿದಿದೆ ನೋಡಿ.

ಇಷ್ಟಾಗಿಯೂ ಸುಧಾರಿಸದ ಒಂದು ಬಗೆಯ ಜಾಗ ಉಳಿಯುತ್ತದೆ. ಗುಡ್ಡದ ಬೋಳುನೆತ್ತಿಯಲ್ಲಿ ತಲೆಮಣ್ಣು ಕೊಚ್ಚಿಹೋಗಿ ಕಡಲೆಕಾಳಿನಂಥ ಕಬ್ಬಿಣದ ಹರಳು ಮೇಲೆದ್ದಿರುತ್ತವೆ, ಗುದ್ದಲಿ ಹಾಕಿದರೆ ಒಂದಡಿಯಲ್ಲೇ ಜಂಬಿಟ್ಟಿಗೆ ತಾಗುತ್ತದೆ. ಅಲ್ಲಿ ಉಗ್ರಾಣವೇ ಇಲ್ಲವಾದ್ದರಿಂದ ಸುಣ್ಣ, ರಂಜಕದ ಖರ್ಚು ದಂಡ. ಬೆಳೆ ಎಬ್ಬಿಸುವ ಆಸೆ ಬಿಟ್ಟು ನೆರಳುಮರ ಹಾಕಿ, ಅಡ್ಡ ಇಂಗುಗುಂಡಿ ತೆಗೆಸಿ, ದರಗು ಬಿದ್ದಲ್ಲೇ ಉಳಿಯುವಂತೆ ನೋಡಿಕೊಳ್ಳಿ. ಗೊಬ್ಬರವನ್ನು ಬುಡದ ಇಳಿಜಾರಿಗೆ ಉಳಿಸಿ.